ತಲೆಬಟ್ಟೆಯ ಹುಡಿ

ಬೆಳಿಗ್ಗೆ ಗೇಟಿನ ಹತ್ತಿರ ನಿಂತು ತಲೆಬಟ್ಟೆ ಬಿಚ್ಚಬೇಕು. ಅದು ಕಂಪನಿಯ ಕಟ್ಟಳೆ. ಬಿಚ್ಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಬೇಕು. ಆಮೇಲೆ ಪೈಪಿನ ಕೆಳಗೆ ತಲೆ ಬಗ್ಗಿಸಬೇಕು. ಬೆಟ್ಟದ ನೀರು, ಮೂಳೆ ಕೊರೆಯುತ್ತದೆ. ತಲೆ ಒದ್ದೆ, ಕುತ್ತಿಗೆ ಒದ್ದೆ, ಬೆನ್ನು ಒದ್ದೆ. ಅದರ ಮೇಲೆ ಬಿಳಿ ನಿಲುವಂಗಿ, ಕಾಗದದ ಟೋಪಿ. ಹಾಗೇ ಸಂಜೆಯವರೆಗೆ ದುಡಿಯಬೇಕು.

ನೀರಿಗೆ ಹೆದರುವವಳಲ್ಲ ನಾನು. ನದಿಯಿಂದ ಬಕೆಟ್ಟು ಹೊತ್ತು ಬೆಳೆದ ತಲೆ ಇದು. ನನ್ನ ಸಂಕಟ ಬೇರೆ. ಆ ಗೇಟು ಕಾಯುವವರು ನನ್ನ ಚಿಕ್ಕಮಾವ, ನನ್ನ ಮಾವನ ಸ್ವಂತ ತಮ್ಮ. ಅವರ ಹೆಸರನ್ನು ನಾನು ಹೇಳುವುದಿಲ್ಲ. ಈ ಕಡಲತಡಿಯ ಗುಡ್ಡಗಳ ನಮ್ಮ ಮ್ಪೊಂಡೊ ಜನರ ಮನೆಗಳಲ್ಲಿ ಸೊಸೆ ಮಾವಂದಿರ ಹೆಸರು ಎತ್ತುವುದಿಲ್ಲ, ಅವರ ಎದುರು ಬರಿತಲೆಯಲ್ಲಿ ನಿಲ್ಲುವುದಿಲ್ಲ. ಮದುವೆಯ ದಿನ ಅತ್ತೆ ನನ್ನ ತಲೆಗೆ ಬಟ್ಟೆ ಕಟ್ಟಿ, ನೊವೆತು ಎಂದು ಹೊಸ ಹೆಸರಿಟ್ಟರು. ಅಂದಿನಿಂದ ಆ ಮನೆಯಲ್ಲಿ ನನ್ನ ಕೂದಲು ಕಂಡ ಗಂಡಸು ನನ್ನ ಗಂಡ ಒಬ್ಬನೇ. ಅವನೋ ದೂರದ ಗಣಿಯಲ್ಲಿದ್ದಾನೆ. ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿಗೆ ಬಂದಾಗ ನೋಡುತ್ತಾನೆ.

ನಾವು ಗುಡ್ಡ ಇಳಿಯುವುದು ಕಂಡ ಕೂಡಲೇ ಚಿಕ್ಕಮಾವ ಕುರ್ಚಿಯಿಂದ ಏಳುತ್ತಿದ್ದರು. ನಮಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರೂ ಗಣಿಯಲ್ಲಿದ್ದು ಬಂದವರೇ. ಎದೆಯಲ್ಲಿ ಕೆಮ್ಮು ಕೂತಿದೆ. ಕೆಮ್ಮು ನಿಂತಾಗ ಕೇಳುತ್ತಿದ್ದರು.

"ಆಯ್ತೇನವ್ವ?"

"ಆಯ್ತು ಮಾವ."

"ಹಂಗಾದ್ರೆ ಒಳಗೋಗಿ."

ಅಷ್ಟೇ ಮಾತು. ದಿನವೂ ಅಷ್ಟೇ. ಅವರು ತಿರುಗಿ ನಿಲ್ಲುತ್ತಿದ್ದುದರಿಂದ ನಾನು ಆ ಕೆಲಸ ಮಾಡಿಕೊಂಡಿದ್ದೆ. ಇಲ್ಲದಿದ್ದರೆ ಮೊದಲ ದಿನವೇ ಬಿಟ್ಟು ಬರುತ್ತಿದ್ದೆ.

ಇಷ್ಟೆಲ್ಲ ಯಾಕೆಂದರೆ ಹುಡಿ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಮೊಗ್ಗು ಒಡೆದು ಹಳದಿ ಹುಡಿ ಹಾರುತ್ತದೆ. ಅದು ಹೆಣ್ಣಿನ ಹೂವಿಗೆ ತಗುಲಿದರೆ ಬೀಜ. ಬೀಜ ಕಟ್ಟಿದ ಹೂವಿನಲ್ಲಿ ಅಂಟು ಕಮ್ಮಿ, ಕಂಪನಿಗೆ ಅದು ಕಸ. ನಮಗೆ ಬೀಜವೇ ಮುಂದಿನ ವರ್ಷದ ಬೆಳೆ. ಅವರ ಪಾಲಿಹೌಸಿನ ಸುತ್ತ ಗುಡ್ಡದ ತುಂಬ ನಮ್ಮ ಹೊಲಗಳು. ಹೊಲದಲ್ಲಿ ಕಳೆ ಕಿತ್ತು ನೇರ ಕೆಲಸಕ್ಕೆ ಬರುವ ಹೆಂಗಸರು ನಾವು. ತಲೆಬಟ್ಟೆಯ ನೆರಿಗೆಯಲ್ಲಿ ಹುಡಿ ಕೂತಿರುತ್ತದೆ.

ನನ್ನ ಗೆಳತಿ ವುಯೆಲ್ವಾ ಪೈಪಿನ ಕೆಳಗೆ ನಡುಗುತ್ತಲೇ ನಗಾಡುತ್ತಿದ್ದಳು. "ನಮ್ ತಲೇಲಿ ಹೇನಿದ್ರೂ ಪರ್ವಾಗಿಲ್ವಂತೆ ಕಣೆ, ಗಂಡು ಇರ್ಬಾರ್ದಂತೆ."

"ಬಾಯ್ ಮುಚ್ಚೆ, ಮಾವ ಅವ್ರೆ."

"ಇರ್ಲಿ ಬಿಡು, ಅವ್ರೂ ನಗ್ಲಿ."

ಚಿಕ್ಕಮಾವನ ಬೆನ್ನು ಅಲುಗುತ್ತಿತ್ತು. ನಕ್ಕರೋ ಕೆಮ್ಮಿದರೋ ತಿಳಿಯುತ್ತಿರಲಿಲ್ಲ.

ಒಳಗಿನ ಕೆಲಸ ಆರಿಸುವ ಕೆಲಸ. ಆರಿಸುವವನು ರೆನೀರ್. ತಳಿ ವಿದ್ಯೆ ಓದಿದವನು, ಕೇಪ್ ಟೌನ್ ಕಡೆಯ ಬಿಳಿಯ. ಮೆತ್ತಗೆ ಮಾತಾಡುತ್ತಾನೆ. ನಮ್ಮ ಭಾಷೆಯನ್ನು ತಡವರಿಸಿಕೊಂಡು ಆಡುತ್ತಾನೆ. ಅವನು ಆರಿಸುತ್ತಾನೆ, ನಾವು ಉಳಿದದ್ದನ್ನು ಕೀಳುತ್ತೇವೆ. ಸಾವಿರ ಗಿಡ ಬೆಳೆಸಿದರೆ ಅವನಿಗೆ ಬೇಕಾದದ್ದು ಹತ್ತೋ ಹನ್ನೆರಡೋ. ಮಿಕ್ಕಿದ್ದಷ್ಟೂ ನಮ್ಮ ಸೊಂಟದ ಮೇಲೆ.

ಅವನು ಸಾಲಿನಲ್ಲಿ ನಡೆಯುತ್ತಾನೆ. ನಾವು ಹಿಂದೆ. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಿದ್ದರೆ ಕೀಳು. ಎತ್ತರ ಹೋದರೆ ಕೀಳು, ಕೊಯ್ಯುವ ಯಂತ್ರಕ್ಕೆ ಸಿಗುವುದಿಲ್ಲ. ತಡವಾಗಿ ಹೂ ಬಿಟ್ಟರೆ ಕೀಳು. ಹೆಣ್ಣು ಹೂವಿನ ಮಧ್ಯೆ ಒಂದು ಗಂಡು ಮೊಗ್ಗು ಕಂಡರೂ ಕೀಳು. ಉಳಿದ ಗಿಡಗಳ ಹೂವನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ, ಅಂಟಿನ ಹನಿ ಎಷ್ಟು ದಟ್ಟವಾಗಿದೆ ಎಂದು. ಹೊಸ ತಳಿ ಹುಟ್ಟಿಸಲು ಬೇಕಾದ ಗಂಡನ್ನು ಆರಿಸುವುದು ಕಷ್ಟ. ಅದರಲ್ಲಿ ನೋಡುವಂಥ ಹೂವೇ ಇಲ್ಲ. ಕಾಂಡ ಉಜ್ಜಿ ಬೆರಳು ಮೂಸುತ್ತಾನೆ. ಆಮೇಲೆ ಅದರ ಹೆಣ್ಣುಮಕ್ಕಳನ್ನು ಬೆಳೆಸಿ, ಅವು ಹೇಗಿವೆ ಎಂದು ನೋಡಿ, ಅಪ್ಪ ಒಳ್ಳೆಯವನೋ ಅಲ್ಲವೋ ಹೇಳುತ್ತಾನೆ. ಅವನ ಮೂಗು ಒಳ್ಳೆಯದು. ಸುಳ್ಳು ಯಾಕೆ ಹೇಳಲಿ.

ಕಿತ್ತ ಗಿಡಗಳನ್ನು ಕಂಕುಳಲ್ಲಿ ಅವುಚಿಕೊಂಡು ಗುಂಡಿಗೆ ಒಯ್ದು ಸುಡಬೇಕು. ಅಂಟು ಕೈಗೆ ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಅಡುಗೆ ಎಣ್ಣೆ ಹಚ್ಚಿ ತಿಕ್ಕಬೇಕು. ಎಲೆ ತಾಗಿ ಮೊಣಕೈವರೆಗೆ ತುರಿಕೆ. ಒಳಗಿನ ದೀಪಗಳಿಗೆ ಕಣ್ಣು ಉರಿ. ಸಂಜೆ ಮನೆಗೆ ಬಂದು ಜೋಳದ ನುಚ್ಚಿಗೆ ಹುಳಿ ಹಾಲು ಸುರಿದುಕೊಂಡು ಕೂತರೆ, ಚಮಚ ಹಿಡಿದ ಕೈಯೂ ಅದೇ ವಾಸನೆ. ತಿಂದು ಮುಗಿಸುವುದಕ್ಕೂ ಬೇಸರ ಬರುತ್ತಿತ್ತು. ನಿಜವಾಗಿ ಸಾಕಾಗಿತ್ತು ನನಗೆ.

ನಮ್ಮ ಅತ್ತೆಯೂ ಆರಿಸುತ್ತಾರೆ. ಆದರೆ ಅವರಿಗೆ ಬೇಕಾದ ಗಿಡ ಬೇರೆ. ಮೇಕೆ ಬಾಯಿಗೆ ಎಟುಕದಷ್ಟು ಎತ್ತರ ಇರಬೇಕು. ಗುಡ್ಡದ ಕಲ್ಲುನೆಲದಲ್ಲಿ ನೀರಿಲ್ಲದೆ ನಿಲ್ಲಬೇಕು. ಕಡಲ ಮಂಜು ವಾರಗಟ್ಟಲೆ ಕವಿದರೂ ಹೂವಿನೊಳಗೆ ಬೂಷ್ಟು ಹಿಡಿಯಬಾರದು. ಅಂಥ ಹೆಣ್ಣು ಗಿಡ ಕಂಡರೆ ಕೊಂಬೆಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಆ ಗಿಡದ ಬೀಜ ಮಾತ್ರ ಮುಂದಿನ ವರ್ಷಕ್ಕೆ. ಅವರ ಅತ್ತೆ ಕಟ್ಟುತ್ತಿದ್ದರು, ಇವರು ಕಟ್ಟುತ್ತಾರೆ. ಹಿಂದೆ ಪೊಲೀಸರ ಹೆಲಿಕಾಪ್ಟರು ಬಂದು ವಿಷ ಸುರಿದ ವರ್ಷಗಳಲ್ಲೂ ಯಾವುದೋ ಬಂಡೆಯ ಮರೆಯಲ್ಲಿ ನಾಲ್ಕು ಗಿಡ ಉಳಿಸಿಕೊಂಡವರು. ಕೆಳಗಿನ ಹೊಲದವರೆಲ್ಲ ಡರ್ಬನ್ನಿನ ವ್ಯಾಪಾರಿಗಳು ಕೊಟ್ಟ ಬೀಜಕ್ಕೆ ಮರುಳಾದರು. ಹಳೆಯ ಬೀಜ ಉಳಿದಿದ್ದು ನಮ್ಮ ಮೇಲಿನ ಹೊಲದಲ್ಲಿ ಮಾತ್ರ.

ಬೀಜ ಕೂಡಿಟ್ಟುಕೊಳ್ಳುವುದು ಅತ್ತೆಗೆ ಒಗ್ಗದು. ಈ ತೇವದಲ್ಲಿ ಎರಡನೆಯ ವರ್ಷಕ್ಕೆ ಹುಟ್ಟುವುದಿಲ್ಲ, ಇಲಿ ಬೇರೆ. ಇದ್ದಷ್ಟನ್ನೂ ದಟ್ಟವಾಗಿ ಚೆಲ್ಲಿ, ಆಮೇಲೆ ಬಿಡಿಸುತ್ತಾರೆ. ಹೊಲದಲ್ಲಿ ನಿಂತದ್ದೇ ನಮ್ಮ ಉಗ್ರಾಣ.

ಕಂಪನಿ ಬರುವ ಮೊದಲು ರೆನೀರ್ ಒಬ್ಬನೇ ಮನೆಮನೆ ತಿರುಗಿದ್ದ. ಬೀಜ ಕೊಡಿ, ನಿಮ್ಮ ತಳಿ ಉಳಿಸುತ್ತೇವೆ ಅಂದಿದ್ದ. ಅತ್ತೆ ಒಂದು ಹಾಲುಪುಡಿ ಡಬ್ಬಿ ತುಂಬ ಕೊಟ್ಟರು. ಅವನು ಒಂದು ಕಂಬಳಿ ಕೊಟ್ಟ. ಅತ್ತೆಗೆ ಖುಷಿಯಾಗಿತ್ತು. ಕಂದು ಬಣ್ಣದ ದಪ್ಪ ಕಂಬಳಿ. ನೆಂಟರು ಬಂದಾಗ ಹೊದ್ದು ಕೂರುತ್ತಿದ್ದರು.

ಒಂದು ದಿನ ಪಾಲಿಹೌಸಿನ ಕೊನೆಯ ಬೀಗದ ಕೋಣೆಯನ್ನು ಗುಡಿಸಲು ನನ್ನನ್ನು ಕಳಿಸಿದರು. ಒಳಗೆ ಗಂಡು ಗಿಡಗಳು, ಒಂದೊಂದಕ್ಕೂ ಒಂದೊಂದು ಗೂಡು. ರೆನೀರ್ ಒಂದನ್ನು ತೋರಿಸಿ ನಕ್ಕ.

"ಇದು ನಿಮ್ಮ ಅತ್ತೆಯ ಡಬ್ಬಿಯದು, ಮಾ. ಮಂಜಿಗೆ ಎಲ್ಲ ಕೊಳೆತವು. ಇದರ ಮಕ್ಕಳು ಮಾತ್ರ ಕೊಳೆಯಲಿಲ್ಲ. ಇನ್ನು ಮೇಲೆ ನಮ್ಮ ಎಲ್ಲ ಗಿಡಕ್ಕೂ ಇದೇ ಅಪ್ಪ."

"ಹೌದಾ? ಹಂಗಾದ್ರೆ ನಮಗೇನು?"

ಅವನ ಮುಖ ಸಪ್ಪೆಯಾಯಿತು. "ಅದು ನನ್ನ ಕೈಯಲ್ಲಿಲ್ಲ."

"ಸರ್ಕಾರ ನಿಮ್ಗೆ ಕೊಟ್ಟಂಗೆ ನಮ್ಗೂ ಗಾಂಜಾ ಬೆಳೆಯೋ ಲೈಸೆನ್ಸ್ ಕೊಡ್ಸು. ನಾವೂ ಮಾರ್ತೀವಿ."

"ಬೇಲಿ ಬೇಕು, ಕ್ಯಾಮೆರಾ ಬೇಕು, ಪ್ರಯೋಗಾಲಯ ಬೇಕು. ನನ್ನ ಕೈಯಲ್ಲಿಲ್ಲ, ಮಾ."

ನಾನು ಗುಡಿಸಿದೆ. ಇನ್ನೇನು ಮಾಡಲಿ. ಆ ಗಿಡದ ಬುಡದ ಕಸವನ್ನೂ ಗುಡಿಸಿದೆ. ನಮ್ಮ ಮನೆಯ ಗಿಡ ಬೀಗದೊಳಗೆ, ನಾನು ಅದಕ್ಕೆ ಆಳು.

ಫೆಬ್ರವರಿ ಕೊನೆಗೆ ಕೆಟ್ಟ ಸುದ್ದಿ ಬಂತು. ಕಂಪನಿ ಆರಿಸಿ ಉಳಿಸಿದ ಹೆಣ್ಣು ಗಿಡಗಳ ಹೂವನ್ನು ರೆನೀರ್ ಬಿಡಿಸಿ ನೋಡುತ್ತಾನೆ, ಒಳಗೆ ಬೀಜ. ಒಂದರಲ್ಲಲ್ಲ, ಸಾಲಿಗೆ ಸಾಲೇ. ಎರಡು ವರ್ಷದ ಕೆಲಸ ಹೋಯಿತು ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ನಮ್ಮನ್ನು ಬೈಯಲಿಲ್ಲ. ಬೈಯುವವಳು ಬೇರೆ ಇದ್ದಳು. ಮ್ಯಾನೇಜರ್ ಫಖಾತಿ ಮೇಡಂ. ಡರ್ಬನ್ನಿನವಳು, ನಮ್ಮಂತೆಯೇ ಕಪ್ಪು ಹೆಂಗಸು, ಹೆರಳು ಹಾಕಿಸಿಕೊಂಡ ಬರಿತಲೆ. ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದಳು.

"ಯಾರ ತಲೇಲಿ ಬಂತು ಇದು? ತಲೆ ತೊಳೀರಿ ಅಂದ್ರೆ ನೆನೆಸ್ಕೊಂಡು ಬರ್ತೀರಾ. ಕ್ಯಾಮೆರಾ ನೋಡಿದೀನಿ ನಾನು. ಆ ಮುದುಕ ಬೆನ್ನು ತೋರಿಸ್ಕೊಂಡು ನಿಂತಿರ್ತಾನೆ!"

ಮೇಡಂ ಗೇಟಿನ ಕಡೆ ಕೈ ತೋರಿಸಿದಳು.

"ನಾಳೆಯಿಂದ ಅವನೇ ಬಾಚ್ತಾನೆ. ಸಣ್ಣ ಹಲ್ಲಿನ ಬಾಚಣಿಗೆ ತರಿಸಿದೀನಿ. ಒಬ್ಬೊಬ್ಬರ ತಲೇನೂ ಬೆಳಕಲ್ಲಿ ನೋಡಿ, ಬಾಚಿ, ಆಮೇಲೆ ಒಳಗೆ."

"ಮೇಡಂ, ಅವ್ರು ನಂಗೆ ಮಾವ ಆಗ್ಬೇಕು," ಅಂದೆ.

"ಕೆಲಸದ ಜಾಗದಲ್ಲಿ ಮಾವ ಅತ್ತೆ ಇಲ್ಲ ತಾಯಿ. ಅವನು ಗಾರ್ಡು, ನೀನು ಕೂಲಿ."

ಇನ್ನೊಂದು ಮಾತನ್ನೂ ಆಗಲೇ ಹೇಳಿದಳು. ಸುತ್ತಲಿನ ಹೊಲಗಳಲ್ಲಿ ಒಂದು ಗಂಡು ಗಿಡವೂ ನಿಲ್ಲಬಾರದು. ಹಳ್ಳಿಯ ಯಜಮಾನ ಒಪ್ಪಿದ್ದಾನೆ. ಅವನಿಗೆ ನೀರಿನ ಟ್ಯಾಂಕು ಸಿಗುತ್ತದೆ. ನಾಳೆ ಬೆಳಿಗ್ಗೆ ಒಳಗೆ ಹಾಜರಿ ಹಾಕಿ, ಅಲ್ಲಿಂದಲೇ ಕೀಳಲು ಹೊರಡುವುದು. ಯಾರ ಹೊಲ ಎಲ್ಲಿದೆ ನಮಗೇ ಗೊತ್ತಲ್ಲ, ಆದ್ದರಿಂದ ಕೀಳುವವರೂ ನಾವೇ. ಹೆಣ್ಣು ಗಿಡ ಮುಟ್ಟುವುದಿಲ್ಲ, ಹೆದರಬೇಡಿ ಅಂದಳು. ನಾವು ಸಂತೋಷಪಡಬೇಕು ಎನ್ನುವ ಹಾಗೆ ಹೇಳಿದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಒಲೆಯ ಸೌದೆ ಮುಂದಕ್ಕೆ ತಳ್ಳಿದರು.

"ಗಂಡು ಕಿತ್ರೆ ಬೀಜ ಎಲ್ಲಿಂದ ಬರ್ತದೆ?"

"ಕಂಪನಿಯೋರು ಮಾರ್ತಾರಂತೆ."

"ನಮ್ ಬೀಜ ನಮಗೇ ಮಾರ್ತಾರಾ? ಅವ್ರ ಮನೆ ಹಾಳಾಗ." ಆಮೇಲೆ ಕೇಳಿದರು, "ನಮ್ ಮೇಲಿನ ಹೊಲದಲ್ಲಿ ಗಂಡು ಮೊಗ್ಗು ಒಡೆದ್ವಾ?"

"ಈಗ ಒಡೀತಾ ಅವೆ. ನಮ್ದು ತಂಪು ಜಾಗ ಅಲ್ವಾ, ತಡ."

ಅತ್ತೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದರು. ಮರುದಿನ ನಾನು ಏಳುವ ಮೊದಲೇ ಹೊಲಕ್ಕೆ ಹೋಗಿಬಿಟ್ಟಿದ್ದರು.

ಗೇಟಿನಲ್ಲಿ ಸಾಲು ನಿಂತಿತ್ತು. ಫಖಾತಿ ಮೇಡಂ ಕೈಕಟ್ಟಿ ನಿಂತಿದ್ದಳು. ಚಿಕ್ಕಮಾವನ ಕೈಯಲ್ಲಿ ಹೊಸ ಬಾಚಣಿಗೆ. ಬೇರೆ ಊರಿನ ಹೆಂಗಸರದ್ದು ಮುಗಿಯಿತು. ವುಯೆಲ್ವಾಳದ್ದೂ ಮುಗಿಯಿತು, ಅವಳ ಬಾಯಿಂದ ಒಂದು ನಗೆಮಾತೂ ಹೊರಡಲಿಲ್ಲ. ಆಮೇಲೆ ನಾನು.

ಚಿಕ್ಕಮಾವ ನನ್ನ ಕಾಲು ನೋಡುತ್ತಿದ್ದರು. ಬಾಚಣಿಗೆಯನ್ನು ಅಂಗಿಗೆ ಒರೆಸಿದರು. ಅವರಿಗೆ ಈ ಕೆಲಸ ಬೇಕು. ಔಷಧಿಗೆ ಬೇಕು, ಮೊಮ್ಮಕ್ಕಳಿಗೆ ಬೇಕು. ಅದು ನನಗೆ ಗೊತ್ತು.

"ಬಿಚ್ಚು," ಅಂದಳು ಮೇಡಂ.

ಚಿಕ್ಕಮಾವ ತೀರ ಮೆಲ್ಲಗೆ ಹೇಳಿದರು. "ಕಣ್ ಮುಚ್ಕೊ ಮಗಳೇ. ನಾನೂ ಮುಚ್ಕೊತೀನಿ."

ಬಾಚಣಿಗೆ ಹಿಡಿದ ಕೈ ನನ್ನ ಕಡೆ ಚಾಚಿತು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಒಬ್ಬ ಮುದುಕನನ್ನು ಇಲ್ಲಿಗೆ ತಂದು ನಿಲ್ಲಿಸಿದರಲ್ಲ ಎಂದು. ನನ್ನ ಕೈ ತಲೆಬಟ್ಟೆಯ ಗಂಟಿಗೆ ಹೋಗಿತ್ತು. ಅಲ್ಲೇ ನಿಂತಿತು. ಗಂಟನ್ನು ಬಿಗಿ ಮಾಡಿದೆ.

"ಬಿಚ್ಚಲ್ಲ."

"ಏನಂದೆ?"

"ಬಿಚ್ಚಲ್ಲ ಅಂದೆ. ಇಷ್ಟು ದಿನ ಬಿಚ್ಚಿದ್ದೇ ಹೆಚ್ಚಾಯ್ತು. ಈ ತಲೇಲಿರೋ ಹುಡಿ ನಮ್ ಹೊಲದ್ದು. ನಿಮ್ ಕೋಣೇಲಿ ಬೀಗ ಹಾಕಿ ಇಟ್ಕೊಂಡಿರೋ ಗಂಡೂ ನಮ್ ಹೊಲದ್ದೇ. ಮೊದ್ಲು ಅದನ್ನ ತೊಳ್ಕಳಿ."

"ಹಾಗಾದ್ರೆ ಕೆಲಸ ಇಲ್ಲ. ನಡಿ."

"ನಡೀತೀನಿ. ಗುಡ್ಡ ಹತ್ತೋದು ನಿಮ್ಮಿಂದ ಕಲೀಬೇಕಾ?"

ಬಿಳಿ ನಿಲುವಂಗಿಯನ್ನು ಗೇಟಿನ ಮೇಲೆ ಎಸೆದು ಹೊರಟೆ. ಮುಂದಿನ ತಿಂಗಳು ಹೇಗೆ ಎನ್ನುವ ಯೋಚನೆ ಆಗಲೇ ಹತ್ತಿಕೊಂಡಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ಹೊಲ ಸೇರುವಷ್ಟರಲ್ಲಿ ಅವರೂ ಹಿಂದೆಯೇ ಬಂದರು. ಕಂಪನಿಯ ಕಾವಲಿನ ನಾಲ್ಕು ಗಂಡಸರು, ಹಳ್ಳಿಯ ಯಜಮಾನ, ಆಮೇಲೆ ನಮ್ಮ ಹೆಂಗಸರು. ಮೇಲಿನಿಂದ ಶುರು ಮಾಡೋಣ ಎಂದು ಯಜಮಾನನೇ ತೋರಿಸಿದನಂತೆ. ಅತ್ತೆ ಹೊಲದ ಬಾಯಲ್ಲಿ ಕಲ್ಲಿನ ಮೇಲೆ ಕೂತಿದ್ದರು, ಆ ಕಂದು ಕಂಬಳಿ ಹೊದ್ದು. ಏಳಲಿಲ್ಲ.

"ಏಳಮ್ಮ, ಕಂಪನಿ ಕೆಲಸ," ಅಂದ ಯಜಮಾನ.

"ನಿಮ್ಮಪ್ಪ ಈ ಹೊಲದ ಸೊಪ್ಪು ಮಾರಿ ನಿನ್ನ ಓದ್ಸಿದ್ದು. ದಾಟ್ಕೊಂಡು ಹೋಗು, ನೋಡ್ತೀನಿ."

ಅವನು ಸುತ್ತು ಹಾಕಿಕೊಂಡು ಹೋದ. ಮಿಕ್ಕವರೂ ಅವನ ಹಿಂದೆ ಸುತ್ತು ಹಾಕಿಕೊಂಡು ಹೋದರು.

ಕೀಳತೊಡಗಿದರು. ನಾನು ಓಡಿ ಗಂಡು ಗಿಡಗಳ ನಡುವೆ ನುಗ್ಗಿ ನಾಲ್ಕೈದನ್ನು ಒಟ್ಟಿಗೆ ತಬ್ಬಿಕೊಂಡೆ. ಒಬ್ಬ ಗಂಡಸು ನನ್ನ ರಟ್ಟೆ ಹಿಡಿದು ಎಳೆದ. ಬಿಡಲಿಲ್ಲ. ಬುಡ ಕಿತ್ತುಬಂದು ನಾನೂ ಗಿಡವೂ ಒಟ್ಟಿಗೆ ಬಿದ್ದೆವು. ಅವರು ನಕ್ಕರು. ಮತ್ತೆ ಎದ್ದು ಬೇರೆಯದನ್ನು ತಬ್ಬಿದೆ. ಆಗ ವುಯೆಲ್ವಾ ಬಂದಳು. ಬಂದವಳೇ ನನ್ನ ತೋಳಿನಿಂದ ಗಿಡ ಕಸಿದುಕೊಂಡಳು.

"ಬಿಡೇ! ನಂಗೆ ಮೂರು ಮಕ್ಳವೆ. ನಿನ್ನಿಂದ ನನ್ ಕೆಲ್ಸಾನೂ ಹೋಗ್ಬೇಕಾ?"

"ನೀನೂನಾ ವುಯೆಲ್ವಾ?"

"ಹೌದೇ, ನಾನೂ!" ಕಿತ್ತ ಗಿಡದಿಂದಲೇ ನನ್ನ ತಲೆಗೆ ಬಾರಿಸಿದಳು. "ತಗೋ! ಗಂಡು ಬೇಕಾ ನಿಂಗೆ? ತಗೋ, ತಲೆ ತುಂಬ ತಗೋ!" ಒಂದು ಎಸೆದು ಇನ್ನೊಂದು ಕಿತ್ತು ಹೊಡೆದಳು. ಅದನ್ನೂ ಎಸೆದು ಮತ್ತೊಂದು. ಹಳದಿ ಹುಡಿ ಮೋಡದಂತೆ ಎದ್ದಿತು. ಮೂಗಿಗೆ, ಬಾಯಿಗೆ, ಕಣ್ಣಿಗೆ ಹೋಯಿತು. ಕಾವಲಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ನೆಲಕ್ಕೆ ಕುಸಿದು ಕೂತೆ. ಗೆಳತಿ ಹೊಡೆದಳಲ್ಲ ಎನ್ನುವ ನೋವು ಇನ್ನೆಲ್ಲ ನೋವಿಗಿಂತ ಹೆಚ್ಚಾಗಿತ್ತು. ಬಗ್ಗಿ ಕೊನೆಯ ಗಿಡದಿಂದ ತಟ್ಟುತ್ತಾ ಅವಳು ನನ್ನ ಕಿವಿಯ ಹತ್ತಿರ ಅಂದಳು, "ಬಟ್ಟೆ ಕೊಡವ್ಬೇಡ್ವೆ ಪೆದ್ದಿ."

ಅಂದು ಹೋದಳು. ಆಗ ನನಗೆ ತಿಳಿಯಿತು.

ಗಂಡು ಗಿಡಗಳನ್ನೆಲ್ಲ ಹೊಲದ ಅಂಚಿಗೆ ಎಳೆದು ಸುಟ್ಟರು. ಹೊಗೆ ಕಡಲ ಕಡೆ ಹೋಯಿತು. ಅವರು ಕೆಳಗಿನ ಹೊಲಕ್ಕೆ ಇಳಿದರು. ಹೋಗುವಾಗ ಯಾರೂ ನನ್ನ ತಲೆ ನೋಡಲಿಲ್ಲ. ನಾನು ಕಂಪನಿಯ ಆಳಾಗಿದ್ದರೆ ನೋಡುತ್ತಿದ್ದರು.

ಹೆಣ್ಣು ಗಿಡಗಳು ನಿಂತಿದ್ದವು. ಹೂವಿನ ಬಿಳಿ ಎಳೆಗಳು ಹೊರಚಾಚಿದ್ದವು. ಅಲ್ಲಲ್ಲಿ ಅತ್ತೆ ಕಟ್ಟಿದ ಕೆಂಪು ಚೂರು. ಅತ್ತೆ ಎದ್ದು ಬಂದು ನನ್ನ ಮುಂದೆ ನಿಂತರು. ಗಲ್ಲ ಹಿಡಿದು, ತಲೆಬಟ್ಟೆ ಮುಟ್ಟದೆ, ಬಗ್ಗಿ ನೋಡಿದರು. ನನಗೆ ಆಗ ಅಳು ಒತ್ತರಿಸಿಕೊಂಡು ಬಂತು. ಬೆಳಿಗ್ಗೆಯಿಂದ ತಡೆದದ್ದು.

"ಅಳ್ಬೇಡ," ಅಂದರು ಅತ್ತೆ. "ಒದ್ದೆ ಆದ್ರೆ ಹುಡಿ ಕೆಡ್ತದೆ."

ಮೂಗನ್ನು ತೋಳಿನಿಂದ ಒರೆಸಿಕೊಂಡೆ. ಅಷ್ಟರಲ್ಲಿ ಕೆಮ್ಮು ಕೇಳಿಸಿತು. ಚಿಕ್ಕಮಾವ ಗುಡ್ಡ ಹತ್ತಿ ಬರುತ್ತಿದ್ದರು. ಮೈಮೇಲೆ ಕಾವಲುಗಾರನ ಅಂಗಿ ಇರಲಿಲ್ಲ, ಬರೀ ಬನಿಯನ್ನು. ಹೊಲದ ಬಾಯಲ್ಲೇ ನಿಂತು ಬಹಳ ಹೊತ್ತು ಉಸಿರು ಎಳೆದುಕೊಂಡರು.

"ಬಿಟ್ಟು ಬಂದೆ ಅತ್ತಿಗೆ."

"ಬಿಟ್ಯಾ? ಔಷಧಿಗೆ ಏನ್ ಮಾಡ್ತೀಯ?"

"ಗೊತ್ತಿಲ್ಲ." ನನ್ನ ಕಡೆ ನೋಡದೆ ಹೇಳಿದರು, "ನನ್ ಕೈ ಚಾಚ್ಬಿಡ್ತಲ್ಲವ್ವ."

"ಕೈ ಚಾಚ್ಸಿದ್ದು ಅವಳು ಮಾವ," ಅಂದೆ.

ಗಾಳಿ ಬೀಸುತ್ತಿತ್ತು. ಬಟ್ಟೆ ಬಿಚ್ಚಿದರೆ ಹುಡಿಯೆಲ್ಲ ಕಡಲಿಗೆ ಹೋಗುತ್ತದೆ. ಅತ್ತೆ ಒಂದು ಕ್ಷಣ ಯೋಚಿಸಿ ಹೆಗಲಿನಿಂದ ಕಂಬಳಿ ತೆಗೆದು ಮೈದುನನ ಕೈಗೆ ಕೊಟ್ಟರು. "ಎರಡೂ ಕೈಲಿ ಅಗಲ್ವಾಗಿ ಹಿಡ್ಕೊ. ಗಾಳಿಗೆ ಅಡ್ಡ. ಮುಖದ ಮುಂದೆ ಹಿಡಿ."

ಬೀಜ ಕೊಟ್ಟು ತಂದಿದ್ದ ಕಂಬಳಿ. ಚಿಕ್ಕಮಾವ ಅದನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದರು. ಅವರ ಮುಖ ಮರೆಯಾಯಿತು, ಬೆರಳ ತುದಿ ಮಾತ್ರ ಕಾಣುತ್ತಿತ್ತು. ಅದರ ಈಚೆ ಗಾಳಿ ನಿಂತಿತು.

ತಲೆಬಟ್ಟೆಯ ಗಂಟು ಬಿಚ್ಚಿದೆ. ನಾನೇ ಬಿಚ್ಚಿದೆ. ನೆರಿಗೆ ನೆರಿಗೆಯಲ್ಲೂ ಹಳದಿ. ಆ ಮೇಡಂ ಹೇಳಿದ್ದು ನಿಜ, ನಮ್ಮ ತಲೆಯಲ್ಲಿ ಇತ್ತು. ಬರಿತಲೆಗೆ ಬಿಸಿಲು ತಾಗಿತು. ಕೆಂಪು ಚೂರು ಕಟ್ಟಿದ ಮೊದಲ ಗಿಡಕ್ಕೆ ಅತ್ತೆ ಬೆರಳು ತೋರಿಸಿದರು. ಬಟ್ಟೆಯ ಒಂದು ಮೂಲೆಯನ್ನು ಹೂವಿನ ಮೇಲೆ ಹಿಡಿದು ಬೆರಳಿನಿಂದ ತಟ್ಟಿದೆ. ಹುಡಿ ಇಳಿಯಿತು. ಬಿಳಿ ಎಳೆಗಳು ಹಳದಿಯಾದವು.

"ಕಮ್ಮಿ ತಟ್ಟು. ಎಲ್ಲಕ್ಕೂ ಬೇಕು," ಅಂದರು ಅತ್ತೆ.

ಎರಡನೆಯ ಗಿಡ. ಮೂರನೆಯದು. ಕಂಬಳಿಯೂ ನಮ್ಮ ಜೊತೆ ಸಾಲಿನಲ್ಲಿ ಸರಿಯಿತು. ಎತ್ತಿದ ಕೈಗಳು ಇಳಿಯಲಿಲ್ಲ. ಕೆಳಗಿನ ಹೊಲದಿಂದ ಇನ್ನೊಂದು ಹೊಗೆ ಎದ್ದಿತು. ಕಂಬಳಿಯ ಆಚೆ ಕೆಮ್ಮು ಬಂತು, ನಿಂತಿತು.

"ಆಯ್ತೇನವ್ವ?"

"ಇನ್ನೂ ಇಲ್ಲ ಮಾವ," ಅಂದೆ. "ಇನ್ನೊಂದು ಸಾಲು ಐತೆ."